ತನಿಖೆಗೆ ಪಿಪಿ ಯಜಮಾನರಲ್ಲ!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಟ್ಟದ ಮೇಲಿನ ಕೊಬ್ಬರಿಯೇ ರೈತನ ಬ್ಯಾಂಕು. ತಿಂಗಳುಗಟ್ಟಲೆ ಒಣಗಿಸಿದ ಆ ಕೊಬ್ಬರಿ ಒಂದು ರಾತ್ರಿ ಕಳುವಾಯ್ತು ಅಂತಿಟ್ಕೊಳ್ಳಿ. ಪೊಲೀಸರು ಬರ್ತಾರೆ, ಮಹಜರು ಮಾಡ್ತಾರೆ, ಮಾಲು ಜಪ್ತಿ ಮಾಡ್ತಾರೆ. ಆಗ ಸರ್ಕಾರಿ ಅಭಿಯೋಜಕರು, ಅಂದ್ರೆ ನೀವು ಪಿಪಿ ಅನ್ನೋರು, ಎಲ್ಲಿರ್ತಾರೆ? ಕೋರ್ಟಿನಲ್ಲಿ, ಬೇರೆ ಕೇಸಿನಲ್ಲಿ!

ಅಮೆರಿಕದಲ್ಲಿ ಎಷ್ಟೋ ಅಭಿಯೋಜಕರ ಕಚೇರಿಗಳಿಗೆ ತಮ್ಮದೇ ತನಿಖಾಧಿಕಾರಿಗಳ ತಂಡ ಇರುತ್ತೆ. ನಮ್ಮಲ್ಲಿ ತನಿಖೆ ಪೊಲೀಸರದ್ದು, ವಾದ ಅಭಿಯೋಜಕರದ್ದು. ಪಿಪಿ ಅಭಿಪ್ರಾಯ ಪಡೆದೇ ಚಾರ್ಜ್‌ಶೀಟ್ ಹಾಕಿ ಅಂತ ಹೈಕೋರ್ಟ್ ಕೂಡ ಆದೇಶಿಸುವಂತಿಲ್ಲ ಎಂದು 2000ರಲ್ಲಿ ಆರ್. ಸರಳಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಮು ಅಭಿಯೋಜನಾ ನಿರ್ದೇಶನಾಲಯಕ್ಕೆ ಕೇಸುಗಳ ಉಸ್ತುವಾರಿ ಕೊಟ್ಟಿದೆ. ಉಸ್ತುವಾರಿ ಅಷ್ಟೇ, ತನಿಖೆಯ ಚುಕ್ಕಾಣಿಯಲ್ಲ.

ಈ ಅಂತರ ಬೇಕು, ಒಪ್ತೀನಿ. ಹಿಡಿಯೋರೂ ವಾದಿಸೋರೂ ಒಬ್ಬರೇ ಆದ್ರೆ ತಪ್ಪು ಕಂಡುಹಿಡಿಯೋರು ಯಾರು? ಆದರೆ ಜಪ್ತಿಯಾದ ಚೀಲದ ಗುರುತನ್ನೇ ಮಹಜರಿನಲ್ಲಿ ಬರೆಯದಿದ್ರೆ, ಆ ಕೊಬ್ಬರಿ ಯಾರದ್ದು ಅಂತ ಪಿಪಿ ಹೇಗೆ ಸಾಬೀತು ಮಾಡ್ತಾರೆ? ಅಷ್ಟೊತ್ತಿಗೆ ಕಾಲ ಮಿಂಚಿರುತ್ತೆ. ಯಜಮಾನಿಕೆ ಬೇಡ ಸ್ವಾಮಿ, ಮೊದಲೇ ಒಂದು ಮಾತು ಸಲಹೆ ಕೇಳಿದ್ರೆ ತಪ್ಪೇನು? ಕೇಸು ಬಿದ್ದರೆ ಬರಿದಾಗೋದು ರೈತನ ಅಟ್ಟ.