ತಾಡಪತ್ರಿಯ ತೂಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಮಳೆ-ಬಿಸಿಲಿಗೆ ಹೊದಿಸುವ ಹಾಳೆಗೆ, ಮರಾಠಿಯಲ್ಲಿರುವಂತೆಯೇ, ತಾಡಪತ್ರಿ ಎಂದು ಹೆಸರು. ತಾಳೆಗರಿಯನ್ನು ನೆನಪಿಸುವ ಈ ಹೆಸರಿನ ವಸ್ತುವಿನಲ್ಲಿ ತಾಳೆಯ ಒಂದು ಎಳೆಯೂ ಇಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರ ಬಿಡಾರಕ್ಕೆ ಇದೇ ಮಾಡು. ಮಳೆಗಾಲ ಮುಗಿದ ಆ ದಿನಗಳಲ್ಲಿ ಅದು ತಡೆಯಬೇಕಾದದ್ದು ಹಗಲ ಬಿಸಿಲನ್ನೂ ಇರುಳ ಇಬ್ಬನಿಯನ್ನೂ ಮಾತ್ರ. ಹೊರೆ ಎತ್ತಿನ ಪಾಲಿನದಾದ್ದರಿಂದ ಅದರ ತೂಕವನ್ನು ಯಾರೂ ಎಣಿಸುವುದಿಲ್ಲ.

ಹೊರೆ ಮನುಷ್ಯನ ಬೆನ್ನಿಗೆ ಬಂದಾಗಲೇ ಲೆಕ್ಕ ಶುರುವಾಗುತ್ತದೆ. ಬಟ್ಟೆಯ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುವುದು ರೂಢಿ. 12 ಅಡಿ ಉದ್ದ, 9 ಅಡಿ ಅಗಲದ ಹಾಳೆ ಸುಮಾರು 10 ಚದರ ಮೀಟರ್ ಇದ್ದು, 400 ಗ್ರಾಮಿನ ಹತ್ತಿಯ ಕ್ಯಾನ್ವಾಸಿನಲ್ಲಿ 4 ಕಿಲೋ, 200 ಗ್ರಾಮಿನ ಪ್ಲಾಸ್ಟಿಕ್ ತಾಡಪತ್ರಿಯಲ್ಲಿ 2 ಕಿಲೋ ತೂಗಿದರೆ, ಸಿಲಿಕೋನ್ ಲೇಪದ 45 ಗ್ರಾಮಿನ ತೆಳು ನೈಲಾನಿನಲ್ಲಿ ಅರ್ಧ ಕಿಲೋ ಕೂಡ ಆಗುವುದಿಲ್ಲ. ಚಾರಣಿಗರಿಗಾಗಿ ಒಂದೊಂದೇ ಹಾಳೆ ಹೊಲಿಯುವ ಸಣ್ಣ ತಯಾರಕರ ಕಸುಬು ನಿಂತಿರುವುದು ಈ ಅಂತರದ ಮೇಲೆ.

ತೆಳು ಬಟ್ಟೆಯ ತೊಂದರೆಯೆಂದರೆ, ಹಾಸು-ಹೊಕ್ಕುಗಳ ನೇರಕ್ಕೆ ಬಿಗಿಯಾಗಿರುವ ಅದು ಓರೆಯಾಗಿ ಎಳೆದಾಗ ಜಗ್ಗಿ, ಅಂಚು ಜೋಲುಬಿದ್ದು, ಗಾಳಿಗೆ ಪಟಪಟ ಬಡಿಯುತ್ತದೆ. ಆದ್ದರಿಂದ ಅಂಚನ್ನು ನೇರವಾಗಿ ಕತ್ತರಿಸದೆ, ಎರಡು ಗೂಟಗಳ ನಡುವೆ ಸಡಿಲವಾಗಿ ತೂಗುಬಿಟ್ಟ ಸರಪಳಿಯ ಬಾಗಿನಂತೆ, ನಡುವೆ ಕೆಲವು ಸೆಂಟಿಮೀಟರ್ ಒಳಗೆ ಸರಿಸಿ ಕತ್ತರಿಸಿದರೆ, ಮೂಲೆಗಳನ್ನು ಎಳೆದಾಗ ಬಿಗಿತ ಅಂಚಿನುದ್ದಕ್ಕೂ ಹಂಚಿಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಸೂಜಿಯ ತೂತು ನೀರಿಗೆ ಬಾಗಿಲೇ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ ಹಾಕಿ, ಮೇಲೆ ಸಿಲಿಕೋನ್ ಸವರಬೇಕಾಗುತ್ತದೆ. ಕುರುಬರ ಕಂಬಳಿ ಕೊಪ್ಪೆಗೆ ಈ ಕಾಟವಿಲ್ಲ: ಅದು ಹೊಲಿಗೆಯಿಲ್ಲದೆ ಬರಿಯ ಮಡಿಕೆಯಿಂದಲೇ ತಲೆ, ಬೆನ್ನು ಎರಡನ್ನೂ ಮಳೆಯಿಂದ ಕಾಯುತ್ತದೆ; ಅದರ ತೊಂದರೆ ತೂಕವೊಂದೇ.

ಗೂಟದ ಮಾತು ನೆಲವನ್ನು ನೋಡಿಯೇ ಆಡಬೇಕಾದದ್ದು. ಬೈಲಹೊಂಗಲದ ಎರೆಭೂಮಿ ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಗೂಟವನ್ನು ಹಿಡಿಯದೆ ಸಡಿಲಿಸುತ್ತದೆ. ಎಲ್ಲಮ್ಮನ ಗುಡ್ಡದ ಕಲ್ಲುನೆಲದಲ್ಲಿ ಗೂಟ ಇಳಿಯುವುದೇ ಕಷ್ಟವಾದ್ದರಿಂದ ಚಕ್ಕಡಿಯ ಗಾಲಿಯೇ ಒಳ್ಳೆಯ ಗೂಟ. ನೆನೆದಾಗ ಹಗ್ಗದ ಸ್ವಭಾವವೂ ಹಾಳೆಯ ಸ್ವಭಾವವೂ ಒಂದೇ ಅಲ್ಲ: ನಾರಿನ ಹಗ್ಗ ಇಬ್ಬನಿಗೆ ನೆನೆದು ಗಿಡ್ಡವಾಗುವುದರಿಂದ ಮಲಗುವ ಮುನ್ನ ಅದನ್ನು ತುಸು ಸಡಿಲಿಸಬೇಕು, ನೈಲಾನ್ ಹಾಳೆ ನೆನೆದು ಹಿಗ್ಗುವುದರಿಂದ ಅದನ್ನು ಇನ್ನೊಮ್ಮೆ ಎಳೆದು ಕಟ್ಟಬೇಕು.