ವಿಶ್ವವಿದ್ಯಾನಿಲಯ ವಿಭಜನೆಯ ನಂತರ ಅಂಕಪಟ್ಟಿ ಹಾಗೂ ಪದವಿ ಪ್ರಮಾಣ ಪತ್ರಗಳಿಗೆ ಎಲ್ಲಿ ಅರ್ಜಿ ಸಲ್ಲಿಸಬೇಕು?

ಬೆಂಗಳೂರು ವಿಶ್ವವಿದ್ಯಾನಿಲಯವು ವಿಭಜನೆಗೊಂಡ ತರುವಾಯ, ಈ ಹಿಂದೆ ಪದವಿ ಪಡೆದವರಲ್ಲಿ ಹಲವರು ತಮ್ಮ ದಾಖಲೆಗಳಿಗಾಗಿ ಯಾವ ಕಚೇರಿಯನ್ನು ಸಂಪರ್ಕಿಸಬೇಕೆಂಬ ಗೊಂದಲಕ್ಕೆ ಒಳಗಾಗುತ್ತಾರೆ. ಅರ್ಜಿಯು ಸಂಬಂಧಪಡದ ಕಚೇರಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ನೇಮಕಾತಿಯ ಅಥವಾ ಉನ್ನತ ವ್ಯಾಸಂಗದ ಪ್ರವೇಶದ ಕೊನೆಯ ದಿನಾಂಕವೇ ಮೀರಿಹೋಗಬಹುದು. ಆದ್ದರಿಂದ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಬೆಂಗಳೂರು ವಿಶ್ವವಿದ್ಯಾನಿಲಯವು 1964ರಲ್ಲಿ ಸ್ಥಾಪನೆಯಾಯಿತು. ಸಂಯೋಜಿತ ಕಾಲೇಜುಗಳ ಸಂಖ್ಯೆ ಅಪಾರವಾಗಿ ಬೆಳೆದು, ಪರೀಕ್ಷೆ ಮತ್ತು ಮೌಲ್ಯಮಾಪನ ಕಾರ್ಯದ ಹೊರೆ ಹೆಚ್ಚಿದ್ದರಿಂದ ಅದನ್ನು ಮೂರಾಗಿ ವಿಂಗಡಿಸಲಾಯಿತು. 2017ರಲ್ಲಿ ಸೆಂಟ್ರಲ್ ಕಾಲೇಜು ಆವರಣದಲ್ಲಿ ಬೆಂಗಳೂರು ಕೇಂದ್ರ ವಿಶ್ವವಿದ್ಯಾನಿಲಯವೂ, ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವೂ ಕಾರ್ಯಾರಂಭ ಮಾಡಿದವು. ಮೂಲ ವಿಶ್ವವಿದ್ಯಾನಿಲಯವು ಜ್ಞಾನಭಾರತಿಯಲ್ಲಿ ಮುಂದುವರಿಯಿತು. ಕೇಂದ್ರ ವಿಶ್ವವಿದ್ಯಾನಿಲಯವು ಅನಂತರ ಬೆಂಗಳೂರು ನಗರ ವಿಶ್ವವಿದ್ಯಾನಿಲಯವೆನಿಸಿತು. ಇದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ 2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ಘೋಷಿಸಲಾಯಿತು.

2. ಯಾವ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಸಲ್ಲಿಸಬೇಕು?

ವಿಭಜನೆಯಿಂದ ಬದಲಾಗುವುದು ಕಾಲೇಜಿನ ಸಂಯೋಜನೆಯೇ ಹೊರತು ಹಿಂದಿನ ವಿದ್ಯಾರ್ಥಿಯ ದಾಖಲೆಯಲ್ಲ. ಆದ್ದರಿಂದ ಕಾಲೇಜಿನ ನಾಮಫಲಕದಲ್ಲಿ ಇಂದು ಯಾವ ವಿಶ್ವವಿದ್ಯಾನಿಲಯದ ಹೆಸರಿದೆ ಎಂಬುದನ್ನು ನೋಡದೆ, ತಮ್ಮ ಅಂಕಪಟ್ಟಿಯ ಶಿರೋಭಾಗದಲ್ಲಿ ಯಾವ ಹೆಸರು ಮುದ್ರಿತವಾಗಿದೆ ಎಂಬುದನ್ನು ನೋಡತಕ್ಕದ್ದು. ದಾಖಲೆಗಾಗಿ ಆ ವಿಶ್ವವಿದ್ಯಾನಿಲಯವನ್ನೇ ಸಂಪರ್ಕಿಸಬೇಕು.

ಉದಾಹರಣೆಗೆ, ಕೋಲಾರದ ಕಾಲೇಜೊಂದರಲ್ಲಿ 2012ರಲ್ಲಿ ಬಿ.ಕಾಂ. ಮುಗಿಸಿದವರ ಕಾಲೇಜು ಈಗ ಉತ್ತರ ವಿಶ್ವವಿದ್ಯಾನಿಲಯಕ್ಕೆ ಸೇರಿರಬಹುದು. ಆದರೆ ಅವರ ಅಂಕಪಟ್ಟಿ ನೀಡಿದ್ದು ಬೆಂಗಳೂರು ವಿಶ್ವವಿದ್ಯಾನಿಲಯ. ಅವರು ಜ್ಞಾನಭಾರತಿಗೇ ಅರ್ಜಿ ಸಲ್ಲಿಸಬೇಕಾಗುತ್ತದೆ.

ಇದು ಹೊಸ ಪದ್ಧತಿಯೇನಲ್ಲ. ಸೆಂಟ್ರಲ್ ಕಾಲೇಜು ಮೊದಲು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೂ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಸೇರಿತು. ಅಲ್ಲಿಯೇ 1960ರಲ್ಲಿ ಓದಿ ಮುಗಿಸಿದವರ ಪದವಿ ಮೈಸೂರಿನದಾಗಿಯೇ ಉಳಿದಿದೆ.

ವಿಶ್ವವಿದ್ಯಾನಿಲಯದ ಹೆಸರು ಬದಲಾದ ಮಾತ್ರಕ್ಕೆ ಹಿಂದೆ ನೀಡಿದ ಪ್ರಮಾಣ ಪತ್ರದ ಮಾನ್ಯತೆ ಕುಂದುವುದಿಲ್ಲ. ಅದನ್ನು ಹೊಸ ಹೆಸರಿನಲ್ಲಿ ಪಡೆಯಬೇಕೆಂದು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

3. ಯಾವ ವಿಭಾಗವನ್ನು ಸಂಪರ್ಕಿಸಬೇಕು?

ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, 2000ರ ಅನ್ವಯ ಕುಲಪತಿಗಳ ಅಧೀನದಲ್ಲಿ ಕುಲಸಚಿವರು, ಕುಲಸಚಿವರು (ಮೌಲ್ಯಮಾಪನ) ಹಾಗೂ ಹಣಕಾಸು ಅಧಿಕಾರಿಗಳು ಕಾರ್ಯ ನಿರ್ವಹಿಸುತ್ತಾರೆ. ಅಂಕಪಟ್ಟಿ, ಪದವಿ ಪ್ರಮಾಣ ಪತ್ರ, ದ್ವಿಪ್ರತಿ ಹಾಗೂ ನೈಜತೆ ಪರಿಶೀಲನೆಯಂತಹ ಪರೀಕ್ಷಾ ಸಂಬಂಧಿತ ಅರ್ಜಿಗಳನ್ನು ಕುಲಸಚಿವರು (ಮೌಲ್ಯಮಾಪನ) ಅವರ ಹೆಸರಿಗೆ ಬರೆಯತಕ್ಕದ್ದು.

4. ಅರ್ಜಿ ಸಲ್ಲಿಸುವ ಮುನ್ನ

ಅ) ನೋಂದಣಿ ಸಂಖ್ಯೆ, ಕಾಲೇಜಿನ ಹೆಸರು, ಉತ್ತೀರ್ಣರಾದ ತಿಂಗಳು ಮತ್ತು ವರ್ಷವನ್ನು ಸ್ಪಷ್ಟವಾಗಿ ನಮೂದಿಸುವುದು. ಹಳೆಯ ದಾಖಲೆಗಳ ಹುಡುಕಾಟಕ್ಕೆ ನೋಂದಣಿ ಸಂಖ್ಯೆಯೇ ಮುಖ್ಯ ಆಧಾರ.
ಆ) ನೋಂದಣಿ ಸಂಖ್ಯೆ ತಿಳಿಯದಿದ್ದಲ್ಲಿ ಮೊದಲು ತಾವು ಓದಿದ ಕಾಲೇಜಿನ ಕಚೇರಿಯಲ್ಲಿ ಪ್ರವೇಶ ದಾಖಲಾತಿಯನ್ನು ಪರಿಶೀಲಿಸಿಕೊಳ್ಳುವುದು.
ಇ) ದಾಖಲೆ ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಗೆ ನೀಡಿದ ದೂರಿನ ಪ್ರತಿ ಮತ್ತು ನೋಟರಿ ದೃಢೀಕರಿಸಿದ ಅಫಿಡವಿಟ್ಟನ್ನು ಸಾಮಾನ್ಯವಾಗಿ ಕೇಳಲಾಗುತ್ತದೆ.
ಈ) ಇತ್ತೀಚಿನ ವರ್ಷಗಳ ದಾಖಲೆಗಳು ಡಿಜಿಲಾಕರ್‌ನಲ್ಲಿ ಲಭ್ಯವಿರಬಹುದು. ಮೊದಲು ಅಲ್ಲಿ ಪರಿಶೀಲಿಸಿದಲ್ಲಿ ಪ್ರಯಾಣ ತಪ್ಪುತ್ತದೆ.
ಉ) ಶುಲ್ಕ ಪಾವತಿಸಿದ ರಸೀದಿ ಮತ್ತು ಸ್ವೀಕೃತಿಯನ್ನು ಕಡ್ಡಾಯವಾಗಿ ಪಡೆದು, ಜೋಪಾನವಾಗಿ ಇಟ್ಟುಕೊಳ್ಳುವುದು.

5. ವಿಳಂಬವಾದಲ್ಲಿ

ಸ್ವೀಕೃತಿಯ ಸಂಖ್ಯೆ ಮತ್ತು ದಿನಾಂಕವನ್ನು ನಮೂದಿಸಿ ಕುಲಸಚಿವರಿಗೆ ಲಿಖಿತ ಮನವಿ ಸಲ್ಲಿಸಬಹುದು. ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ. ಇದಕ್ಕೆ 30 ದಿನಗಳೊಳಗಾಗಿ ಉತ್ತರಿಸಬೇಕಾಗಿದ್ದು, ಉತ್ತರ ಬಾರದಿದ್ದಲ್ಲಿ ಮೊದಲನೆಯ ಮೇಲ್ಮನವಿ ಪ್ರಾಧಿಕಾರದ ಮುಂದೆ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಆಡಳಿತದ ಅನುಕೂಲಕ್ಕಾಗಿ ಮಾಡಿದ ವಿಭಜನೆಯಿಂದ ಯಾವುದೇ ಪದವೀಧರರ ದಾಖಲೆ ಅನಾಥವಾಗುವುದಿಲ್ಲ. ಅದನ್ನು ಕಾಪಾಡುವ ಹೊಣೆ ಒಂದಲ್ಲ ಒಂದು ಕಚೇರಿಯ ಮೇಲೆ ಇದ್ದೇ ಇರುತ್ತದೆ. ಅರ್ಜಿದಾರರು ಮನೆಯಿಂದ ಹೊರಡುವ ಮುನ್ನ ಅಂಕಪಟ್ಟಿಯ ಶಿರೋಭಾಗವನ್ನು ಒಮ್ಮೆ ಗಮನಿಸಬೇಕೆಂದು ಕೋರಲಾಗಿದೆ.