ಹೂ ಬಿಡದ ಬದುಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ನೇಗಿಲು ಮುಟ್ಟದೆ ಉಳಿಯುವ ನೆಲವೆಂದರೆ ಹೆಚ್ಚಾಗಿ ಹೊಲಗಳ ನಡುವಣ ಬದು. ಬಾರಿ, ಬನ್ನಿ, ಜಾಲಿ, ಎಕ್ಕೆ, ಉತ್ತರಾಣಿ, ತುಂಬೆಗಳು ಅಲ್ಲಿ ಬೇರೂರಿ ಮಣ್ಣನ್ನು ಹಿಡಿದಿಡುತ್ತವೆ, ಹೊಲದ ಬೆಳೆ ಹೂ ಬಿಡದ ತಿಂಗಳುಗಳಲ್ಲಿ ಜೇನುನೊಣಗಳನ್ನೂ ಸಲಹುತ್ತವೆ. ಕಳೆನಾಶಕದ ಬಳಕೆ ಹೆಚ್ಚಿದ ಕಡೆಗಳಲ್ಲೆಲ್ಲ ಇಂಥ ಬದುವಿನ ಗಿಡಗಳಿಗೆ ಕುತ್ತು ಬರುವುದು ಸಿಂಪರಣೆಯ ತೇಲಾಟದಿಂದ, ಅಂದರೆ ಬೆಳೆಯ ಮೇಲೆ ಹೊಡೆದ ಔಷಧ ಗಾಳಿಗೆ ಸಿಕ್ಕು ಪಕ್ಕದ ನೆಲಕ್ಕೆ ಬೀಳುವುದರಿಂದ.

ಕಬ್ಬು, ಮೆಕ್ಕೆಜೋಳಗಳಂಥ ಹುಲ್ಲುಜಾತಿಯ ಬೆಳೆಗಳಲ್ಲಿ ಬಳಸುವ 2,4-ಡಿ ಸಸ್ಯದ ಬೆಳವಣಿಗೆಯನ್ನು ನಿಯಂತ್ರಿಸುವ ಆಕ್ಸಿನ್ ಎಂಬ ಚೋದಕವನ್ನು ಅನುಕರಿಸುವ ರಾಸಾಯನಿಕವಾಗಿದ್ದು, ಅಗಲ ಎಲೆಯ ಗಿಡಗಳಲ್ಲಿ ಅಂಕೆಯಿಲ್ಲದ ಬೆಳವಣಿಗೆಯನ್ನುಂಟುಮಾಡಿ ಅವುಗಳನ್ನು ಕೊಲ್ಲುತ್ತದೆ, ಹುಲ್ಲನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಭೀಮಾ ತೀರದ ಕಬ್ಬು, ಅದರಾಚೆಯ ಹತ್ತಿ ಮತ್ತು 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಒಂದೇ ಸೀಮೆಯಲ್ಲಿ ಬೆಳೆಯುವಾಗ ಈ ಗುಣ ಮುಖ್ಯವಾಗುತ್ತದೆ, ಏಕೆಂದರೆ ಹತ್ತಿ, ತೊಗರಿ, ಬಾರಿ, ತುಂಬೆಗಳೆಲ್ಲ ಅಗಲ ಎಲೆಯವೇ. ಹತ್ತಿಯಂತೂ ಅತ್ಯಲ್ಪ ಪ್ರಮಾಣಕ್ಕೂ ಎಲೆ ಸೀಳಿಕೊಂಡು ಬೆಂಡೆ ಎಲೆಯಂತಾಗುವುದರಿಂದ ಅಲ್ಲಿ ಹಾನಿ ಕಣ್ಣಿಗೆ ಬೀಳುತ್ತದೆ. ಬದುವಿನ ಗಿಡದ ಮುರುಟಿದ ಚಿಗುರನ್ನು ನೋಡುವವರು ಕಡಿಮೆ.

ಆದರೆ ನಿಜವಾದ ನಷ್ಟ ಗಿಡ ಸಾಯುವುದಕ್ಕಿಂತ ಮೊದಲೇ ಆಗಿರುತ್ತದೆ. 2,4-ಡಿಯಂತೆಯೇ ಕೆಲಸ ಮಾಡುವ ಡೈಕಾಂಬಾ ಕುರಿತು ಅಮೆರಿಕದ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲಕ್ಕೆ ಹೊಡೆಯುವ ಪ್ರಮಾಣದ ಶೇಕಡ 1ರಷ್ಟು ತಗುಲಿದರೂ ಕುದುರೆಮಸಾಲೆ ಮೊದಲಾದ ಗಿಡಗಳು ತಡವಾಗಿ, ಕಡಿಮೆ ಹೂ ಬಿಟ್ಟವು ಮತ್ತು ಅವುಗಳತ್ತ ಬರುವ ಕೀಟಗಳೂ ಕಡಿಮೆಯಾದವು. ಹಸಿರಾಗಿಯೇ ನಿಂತ ಗಿಡ ಬೀಜ ಕಟ್ಟದೆ ಹೋದರೆ ಕೆಲವೇ ವರ್ಷಗಳಲ್ಲಿ ಬದು ಹುಲ್ಲಿನ ಪಾಲಾಗುತ್ತದೆ. ಆದ್ದರಿಂದ ಸತ್ತ ಗಿಡಗಳನ್ನಷ್ಟೇ ಎಣಿಸುವ ಸಮೀಕ್ಷೆ ಈ ಹಾನಿಯನ್ನು ಕಾಣಲಾರದು. ತೊಗರಿ ಬಹುಪಾಲು ಸ್ವಕೀಯ ಪರಾಗದಿಂದಲೇ ಕಾಯಿ ಕಟ್ಟುವುದಾದರೂ ಅದರ ಹೂವಿಗೆ ಜೇನುನೊಣ, ಎಲೆ ಕತ್ತರಿಸುವ ದುಂಬಿಗಳು ಬರುತ್ತವೆ. ಹೊಲ ಹೂವಾಗುವ ಮುಂಚಿನ ಮಳೆಗಾಲದಲ್ಲಿ ಅವುಗಳಿಗೆ ಆಹಾರ ಸಿಗಬೇಕಾದದ್ದು ಬದುವಿನಲ್ಲಿಯೇ.

ಮುಂಗಾರಿನ ಕಳೆ ಏಳುವ ಕಾಲವೇ ಆಷಾಢದ ಬಿರುಗಾಳಿಯ ಕಾಲವೂ ಆಗಿರುವುದು ಈ ಸೀಮೆಯ ದೊಡ್ಡ ತೊಡಕು. ಕೀಟನಾಶಕಕ್ಕೆ ಬಳಸುವ ಸಣ್ಣ ಹನಿಯ ನಾಜಲ್‌ನಿಂದಲೇ ಕಳೆನಾಶಕವನ್ನೂ ಹೊಡೆದರೆ 150 ಮೈಕ್ರಾನಿಗಿಂತ ಚಿಕ್ಕ ಹನಿಗಳು ಹೆಚ್ಚಾಗಿ, ಅವು ನೆಲ ಸೇರುವ ಮೊದಲೇ ಗಾಳಿಯ ಪಾಲಾಗುತ್ತವೆ; ದಪ್ಪ ಹನಿಯ ಚಪ್ಪಟೆ ನಾಜಲ್, ಅದಕ್ಕೊಂದು ಮುಚ್ಚಿಗೆ ಮತ್ತು ಬದುವಿನ ಅಂಚಿನ ಕೆಲವು ಸಾಲುಗಳನ್ನು ಔಷಧವಿಲ್ಲದೆ ಎಡೆಕುಂಟೆಯಿಂದಲೇ ಹರಗುವುದು ಈ ಪ್ರಮಾಣವನ್ನು ಬಹಳ ತಗ್ಗಿಸುತ್ತವೆ. 2,4-ಡಿಯ ಎಸ್ಟರ್ ರೂಪ ಮಾತ್ರ ಬಿಸಿಲಿಗೆ ಆವಿಯಾಗಿ, ಗಾಳಿ ನಿಂತ ಮೇಲೂ, ಸಿಂಪಡಿಸಿ ಗಂಟೆಗಳು ಕಳೆದ ಮೇಲೂ ಪಕ್ಕದ ಹೊಲ ಸೇರಬಲ್ಲದಾದ್ದರಿಂದ, ಹತ್ತಿ ತೊಗರಿಗಳ ನೆರೆಯಲ್ಲಿ ಅದನ್ನು ಬಿಟ್ಟು ಆವಿಯಾಗುವುದು ತೀರ ಕಡಿಮೆಯಿರುವ ಲವಣ ರೂಪವನ್ನೇ ಆರಿಸಬೇಕಾಗುತ್ತದೆ.